ಜೆಂಬೆರೆಯ ಕಹಳೆ ರಿಪೇರಿಗೆ ಹೋದದ್ದು

ಜೆಂಬೆರೆ ಎದುರಿಗೆ ಬಂದರೆ ಬೆಟ್ಟದ ಮೇಲಿನ ದೆಬ್ರೆ ಬಿರ್ಹಾನ್ ಪಟ್ಟಣದ ಜನ ಮೊದಲು ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕೈಯಲ್ಲಿ ಕಹಳೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅವರಿಗೆ ಉಸಿರು ಬರುತ್ತಿತ್ತು. ಆಮೇಲೆ, ಹಿರಿಯರನ್ನು ಕರೆಯುವಂತೆ ಗಾಶೆ ಎನ್ನುತ್ತ ಶುರು: "ಏನ್ ಗಾಶೆ, ಚೆನ್ನಾಗಿದೀರಾ? ಮನೇಲೆಲ್ಲಾ ಚೆನ್ನಾಗಿದಾರಾ? ರಾತ್ರಿ ನಿದ್ದೆ ಬಂತಾ? ದೇವರ ದಯೆ ಅಲ್ವಾ?" ಅದಕ್ಕೇ ಅವನು ಸುಮ್ಮನೆ ಉಪ್ಪು ತರಲು ಪೇಟೆಗೆ ಹೊರಟರೂ ಎರಡು ಕೈಗಳನ್ನು ಹೊದ್ದ ಗಾಬಿ ಶಾಲಿನೊಳಗೆ ಸೇರಿಸದೆ, ಎಲ್ಲರಿಗೂ ಕಾಣುವಂತೆ ಹೊರಗೆ ಇಳಿಬಿಟ್ಟು ನಡೆಯುತ್ತಿದ್ದ. ಆ ಊರಿನ ಚಳಿಯಲ್ಲಿ, ಜನ ಮೂಗಿನವರೆಗೆ ಶಾಲು ಎಳೆದುಕೊಂಡು ಓಡಾಡುವ ಕಡೆ, ಇದು ಸಣ್ಣ ಪುಣ್ಯವಲ್ಲ.

ಅವನು ತನ್ನ ಕೇರಿಯ ಇದ್ದಿರಿನ ಕೂಗುಗಾರ. ಸಾವಾದ ಮನೆಗೆ ಡೇರೆ, ಬೆಂಚು, ದೊಡ್ಡ ಪಾತ್ರೆ, ಅಡುಗೆಗೆ ಹೆಂಗಸರು, ಹೊರಲು ಗಂಡಸರು, ಅಳಲು ಎಲ್ಲರೂ, ಹೀಗೆ ಸಕಲವನ್ನೂ ಒದಗಿಸುವ ಕೂಟ ಇದ್ದಿರು. ಅದರ ಬಾಯಿ ಜೆಂಬೆರೆ. ಬೆಳಕು ಹರಿಯುವ ಮೊದಲು ಕೇರಿಯ ತಲೆಗೆ ನಿಂತು ಕಹಳೆ ಊದಿ, ಯಾರು ಹೋದರು, ಯಾವ ಚರ್ಚಿನಲ್ಲಿ ಮಣ್ಣು ಎಂದು ಕೂಗಬೇಕು. ನಡುನಡುವೆ ಬದುಕಿರುವವರ ಸುದ್ದಿಯೂ ಇರುತ್ತಿತ್ತು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಚರಂಡಿ ತೆಗೆಯಲು ಮನೆಗೊಬ್ಬರು ಬನ್ನಿ. ಕರಿ ಕಿವಿಯ ಕುರಿಯೊಂದು ತಪ್ಪಿಸಿಕೊಂಡಿದೆ, ಸಿಕ್ಕವರು ಬೇಯಿಸುವ ಮೊದಲು ತಿಳಿಸಿ. ಅಂಥವನ್ನು ಅವನು ಬರೀ ಬಾಯಲ್ಲಿ ಕೂಗುತ್ತಿದ್ದ. ಕಹಳೆ ಸಾವಿಗೆ ಮಾತ್ರ. ಈಗ ಎಲ್ಲರ ಜೇಬಿನಲ್ಲೂ ಮೊಬೈಲು ಇದೆ, ನಿಜ. ಆದರೂ ಜೆಂಬೆರೆ ಕೂಗುವ ತನಕ ಆ ಕೇರಿಯಲ್ಲಿ ಯಾರೂ ಪೂರ್ತಿಯಾಗಿ ಸತ್ತಂತೆ ಆಗುತ್ತಿರಲಿಲ್ಲ.

ಕೂಗಿ ಮನೆಗೆ ಬಂದು ಒಲೆಯ ಮುಂದೆ ಕೂತರೆ, ಅವನ ಹೆಂಡತಿ ಅಸ್ಕಾಲೆ ಕಾಫಿ ಬೀಜ ಹುರಿಯುತ್ತ ತಲೆ ಎತ್ತದೆ ಕೇಳುವ ಮಾತು ಒಂದೇ: "ಯಾರ ಮನೆ?" ಕಹಳೆಗೆ ಎಚ್ಚರವಾದರೂ ಹೆಸರನ್ನು ಅವಳು ಗಂಡನ ಬಾಯಿಂದಲೇ ಕೇಳಬೇಕು. ಕೇಳಿ, ಕಣ್ಣೊರೆಸಿಕೊಂಡು, ಬಿಳಿ ಶಾಲು ಹುಡುಕಲು ಏಳುವಳು.

ಎಲ್ಲ ಸಾವಿಗೂ ಈ ಅವಸರ ಸಲ್ಲದು. ದೂರದೂರಿನಲ್ಲಿ ಮಗನೋ ಮಗಳೋ ತೀರಿಹೋದರೆ ಆ ಸುದ್ದಿಗೆ ಮರ್ದೊ ಎಂದು ಹೆಸರು. ಮರ್ದೊವನ್ನು ಫೋನಿನಲ್ಲಿ ಹೇಳುವಂತಿಲ್ಲ, ದಾರಿಯಲ್ಲಿ ತಡೆದು ಹೇಳುವಂತಿಲ್ಲ, ಒಬ್ಬರೇ ಹೋಗಿ ಹೇಳುವಂತಿಲ್ಲ. ಹೆತ್ತವರ ರಕ್ತಸಂಬಂಧಿ ಒಬ್ಬರು ಬರಬೇಕು, ಕೇರಿಯ ಹಿರಿಯರು ಸೇರಬೇಕು, ನಸುಕಿನಲ್ಲಿ ಹೋಗಿ ಬಾಗಿಲು ತಟ್ಟಬೇಕು. ಅವರು ಒಳಗೆ ಹೋಗಿ ಹೇಳಿದ ಮೇಲೆಯೇ ಕಹಳೆ. ಅಲ್ಲಿಯವರೆಗೆ ವಾರವಾಗಲಿ, ತಿಂಗಳಾಗಲಿ, ಗೊತ್ತಿದ್ದವರೆಲ್ಲ ಗೊತ್ತಿಲ್ಲದವರಂತೆ ನಗುನಗುತ್ತ ಇರಬೇಕು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂದು ಗಾದೆ ಕಟ್ಟಿದವರು ದೆಬ್ರೆ ಬಿರ್ಹಾನಿಗೆ ಬಂದಿರಲಿಲ್ಲ ಅಂತ ಕಾಣುತ್ತದೆ.

ಆಲೂಗಡ್ಡೆ ಮಾರುವ ಮುಲುವಿನ ಮಗಳು ಕೊಲ್ಲಿಯ ಕಡೆ ಮನೆಗೆಲಸಕ್ಕೆ ಹೋಗಿದ್ದವಳು ಜ್ವರದಲ್ಲಿ ತೀರಿಕೊಂಡಾಗಲೂ ಹೀಗೇ ಆಯಿತು. ಮುಲುವಿನ ಅಣ್ಣ ಬರುವುದು ತಡವಾಯಿತು. ಅಷ್ಟು ದಿನವೂ ಜೆಂಬೆರೆ ಸಂತೆಯಲ್ಲಿ ಅವಳ ಹತ್ತಿರವೇ ಆಲೂಗಡ್ಡೆ ಕೊಂಡ. ಅವಳಿಗೆ ಅನುಮಾನ ಬಾರದಿರಲೆಂದು ಎಂದಿನಂತೆ ಕೇಳುತ್ತಲೂ ಇದ್ದ: "ಮಗಳು ಯಾವಾಗ ಬರ್ತಾಳಂತೆ ಮುಲು?" ಅವಳು ಮುಖ ಅರಳಿಸಿಕೊಂಡು, "ಹಬ್ಬಕ್ಕೆ ಬರ್ತಾಳೆ ಗಾಶೆ! ನಿಮಗೂ ಒಂದು ಸ್ವೆಟರ್ ತರ್ತಾಳಂತೆ" ಅನ್ನುತ್ತಿದ್ದಳು.

ಕೊನೆಗೆ ಸುದ್ದಿ ತಿಳಿದು, ಮಗಳ ನಲವತ್ತನೆಯ ದಿನದ ಊಟವೂ ಮುಗಿದ ಮೇಲೆ ಮುಲು ಅವನನ್ನು ಬೇಲಿಯ ಹತ್ತಿರ ನಿಲ್ಲಿಸಿ ಕೇಳಿದ್ದಳು. "ಹೇಳ್ಲಿಲ್ಲ ಅಂತ ನಂಗೆ ಸಿಟ್ಟಿಲ್ಲ ಗಾಶೆ. ಅದು ನಮ್ಮ ಪದ್ಧತಿ. ಆದ್ರೆ ಯಾವಾಗ ಬರ್ತಾಳೆ ಅಂತ ಯಾಕೆ ಕೇಳಿದ್ರಿ? ಸತ್ತೋಳನ್ನ ನನ್ ಬಾಯಿಂದ ಬರ್ತಾಳೆ ಬರ್ತಾಳೆ ಅಂತ ಅನ್ನಿಸಿದ್ರಲ್ಲಾ."

ಸಾವಿರ ಹೆಸರು ಕೂಗಿ ಮರೆತಿದ್ದ ಜೆಂಬೆರೆಗೆ ಆ ಒಂದು ಪ್ರಶ್ನೆ ಮಾತ್ರ ಮರೆತುಹೋಗಲಿಲ್ಲ. ಕಹಳೆ ಬಾಯಿಗಿಟ್ಟಾಗ ಒಮ್ಮೊಮ್ಮೆ ಅದೇ ಕಿವಿಯಲ್ಲಿ ಕೇಳುತ್ತಿತ್ತು.

ತಿಮ್ಕೆತ್ ಹಬ್ಬಕ್ಕೆ ಇನ್ನು ಸ್ವಲ್ಪವೇ ದಿನ ಇದ್ದಾಗಿನ ಮಾತು. ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಕಟ್ಟುವ ಕಾಲ. ಜೆಂಬೆರೆ ಮತ್ತು ಅಸ್ಕಾಲೆಗೆ ಇದ್ದವನು ಒಬ್ಬನೇ ಮಗ, ಸಿಸಾಯ್. ಜಿಬೂತಿ ಬಂದರಿನ ದಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಹಬ್ಬಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಅಸ್ಕಾಲೆ ಮನೆಯಲ್ಲೇ ಬಾರ್ಲಿ ಬಿಯರಿಗೆ ಹುಳಿ ಹಾಕಿದ್ದಳು, ದಾರಿಯಲ್ಲಿ ಮೆಲ್ಲಲಿ ಎಂದು ಬಾರ್ಲಿ ಹುರಿದು ಚೀಲ ತುಂಬಿದ್ದಳು, ಮೇಲಿನ ಕೇರಿಯಲ್ಲಿ ಒಂದು ಹುಡುಗಿಯನ್ನೂ ನೋಡಿಟ್ಟಿದ್ದಳು. ಮಗನ ಫೋನು ಕೆಲವು ದಿನಗಳಿಂದ ಹತ್ತುತ್ತಿರಲಿಲ್ಲ. "ಆ ಬೆಂಗಾಡಲ್ಲಿ ಯಾವತ್ತು ಸಿಗ್ನಲ್ ಸಿಕ್ಕಿದೆ?" ಎಂದು ಅವಳೇ ಗಂಡನಿಗೆ ಸಮಾಧಾನ ಹೇಳಿದ್ದಳು.

ಹಾಗಿರುವಾಗ ಒಂದು ಬೆಳಿಗ್ಗೆ ಇದ್ದಿರಿನ ಯಜಮಾನ, ಬಟ್ಟೆ ಅಂಗಡಿಯ ಕಿಫ್ಲೆ, ತಾನೇ ಮನೆಗೆ ಬಂದ.

"ಗಾಶೆ, ಆ ಕಹಳೆ ಸ್ವಲ್ಪ ಕೊಡಿ. ಬಾಯಿ ಹತ್ರ ತಗ್ಗು ಬಿದ್ದಿದೆಯಲ್ಲ, ಸರಿ ಮಾಡಿಸಿ ಕೊಡ್ತೀನಿ."

"ಹಂಗೇ ಇವರ ಬಾಯಿಗೂ ಒಂದು ಬೆಸುಗೆ ಹಾಕಿಸ್ಕೊಂಡು ಬನ್ನಿ ಯಜಮಾನ್ರೆ" ಎಂದಳು ಅಸ್ಕಾಲೆ ಒಳಗಿನಿಂದ. "ಗೊರಕೆ ತಡಿಯಕ್ಕಾಗ್ತಿಲ್ಲ."

ಕಿಫ್ಲೆ ನಕ್ಕ. ನಗಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕ. ಜೆಂಬೆರೆ ಗೋಡೆಯ ಮೊಳೆಯಿಂದ ಕಹಳೆ ಇಳಿಸಿ ಅವನ ಕೈಗೆ ಕೊಟ್ಟ. ಆ ತಗ್ಗು ಇಂದು ನಿನ್ನೆಯದಲ್ಲ, ಕಹಳೆ ಅವನ ಕೈಗೆ ಬಂದಾಗಲೇ ಇತ್ತು. ಡೇರೆಯ ತೂತಿಗೆ ತೇಪೆ ಹಾಕಿಸಲೂ ಮೂರು ಸಭೆ ಕರೆಯುವ ಕಿಫ್ಲೆಗೆ ಇದ್ದಕ್ಕಿದ್ದಂತೆ ರಿಪೇರಿಯ ಹುಮ್ಮಸ್ಸು ಬಂದದ್ದು ಹೇಗೆ?

ಜೆಂಬೆರೆ ಪೇಟೆಗೆ ಹೊರಟ. ಅಭ್ಯಾಸಬಲದಿಂದ ಕೈಗಳನ್ನು ಹೊರಗೆ ಬಿಟ್ಟುಕೊಂಡೇ ನಡೆದ. ಮಾಂಸದಂಗಡಿಯವನು ಅವನ ಕೈ ನೋಡಲಿಲ್ಲ, ಮುಖ ನೋಡಿದ. ಜೋಡು ಹೊಲಿಯುವವನು ಮುಖ ನೋಡಿ ತಲೆ ಬಗ್ಗಿಸಿಕೊಂಡ. ಕಾಫಿ ಮಾರುವ ಹೆಂಗಸು ಕರೆದು ಕೂರಿಸಿ, ಬೇಡವೆಂದರೂ ಸಕ್ಕರೆ ಹೆಚ್ಚು ಹಾಕಿ, ಅವನು ಕುಡಿದು ಮುಗಿಸುವ ತನಕ ಮುಖವನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಅವನ ಕೈಗೆ ಹೆದರಿದ ಊರು ಇವತ್ತು ಅವನ ಮುಖಕ್ಕೆ ಹೆದರುತ್ತಿತ್ತು. ಯಾರ ಮುಖವನ್ನು ಹೀಗೆ ನೋಡುತ್ತಾರೆ ಎಂಬುದು ಜೆಂಬೆರೆಗೆ ಚೆನ್ನಾಗಿ ಗೊತ್ತಿತ್ತು. ತಾನೇ ಎಷ್ಟೋ ಜನರನ್ನು ಹಾಗೆ ನೋಡಿದವನು.

ನೇರ ಮುಲುವಿನ ಹತ್ತಿರ ಹೋದ. ಸಿಸಾಯ್ ಊರಿಗೆ ಬಂದಾಗಲೆಲ್ಲ ಅವಳ ಮೂಟೆ ಹೊತ್ತು ಕೊಡುತ್ತಿದ್ದ. ಹಾಗಾಗಿ, "ನಮ್ಮ ಡ್ರೈವರ್ ಸಾಹೇಬ್ರು ಯಾವಾಗ ಬರ್ತಾರೆ ಗಾಶೆ?" ಎಂದು ಕೇಳದೆ ಅವಳು ತಕ್ಕಡಿ ಎತ್ತಿದವಳಲ್ಲ. ಇವತ್ತು ಸುಮ್ಮನೆ ತಕ್ಕಡಿ ಎತ್ತಿದಳು.

"ಇವತ್ತು ಕೇಳಲ್ವಾ ಮುಲು?"

"ಏನು?"

"ನನ್ ಮಗ ಯಾವಾಗ ಬರ್ತಾನೆ ಅಂತ."

ಮುಲುವಿನ ಕೈ ತಕ್ಕಡಿಯ ಮೇಲೆಯೇ ನಿಂತಿತು. "ನನ್ ಕೈಲಿ ಆಗಲ್ಲ ಗಾಶೆ" ಎಂದಳು, ಮುಖ ಎತ್ತದೆ. "ಹೇಳಕ್ಕೂ ಆಗಲ್ಲ. ನಿಮ್ ಥರ ಕೇಳಕ್ಕೂ ಆಗಲ್ಲ." ತೂಗಿದ್ದು ಮರೆತು ಚೀಲಕ್ಕೆ ಬಾಚಿ ಬಾಚಿ ಆಲೂಗಡ್ಡೆ ತುಂಬಿದಳು.

ಜೆಂಬೆರೆ ಅವಳ ಮೂಟೆಯ ಮೇಲೆ ಕೂತ. ಅಲ್ಲಿಂದ ಕಿಫ್ಲೆಯ ಅಂಗಡಿ ಕಾಣುತ್ತಿತ್ತು. ಹಳ್ಳಿಯ ಬಸ್ಸಿನಿಂದ ಇಳಿದ ಮುದುಕನೊಬ್ಬ ಅತ್ತಿತ್ತ ನೋಡಿ ಅಂಗಡಿಯ ಹಿಂಬಾಗಿಲಿನಿಂದ ಒಳಗೆ ಹೋದ. ಅವನು ಅಸ್ಕಾಲೆಯ ಅಣ್ಣ. ಹೊಲ ಬಿಟ್ಟು ತಂಗಿಯ ಮನೆಯ ಹಬ್ಬಕ್ಕೂ ಬಾರದ ಆಸಾಮಿ. ರಕ್ತಸಂಬಂಧಿ ಬಂದಾಯಿತು ಎಂದರೆ ನಾಳೆ ನಸುಕಿಗೆ ಬಾಗಿಲು ತಟ್ಟುತ್ತಾರೆ ಎಂದು ಲೆಕ್ಕ.

ಕೇರಿಗೆಲ್ಲ ಗೊತ್ತಿದ್ದು ಜೆಂಬೆರೆಗೆ ಗೊತ್ತಿರದಿದ್ದ ಸಂಗತಿ ಇಷ್ಟು: ಸಿಸಾಯನ ಲಾರಿ ಇಳಿಜಾರಿನಲ್ಲಿ ಉರುಳಿತ್ತು. ಸುಡುವ ಆ ಸೀಮೆಯಲ್ಲಿ ಹೆಣ ಇಡುವಂತಿರಲಿಲ್ಲ. ಜೊತೆಯ ಡ್ರೈವರುಗಳು ದಾರಿಯ ಪಕ್ಕದ ಸಣ್ಣ ಚರ್ಚಿನಲ್ಲಿ ಮಣ್ಣು ಮಾಡಿ, ಅವನ ಜಾಕೆಟ್ ಒಂದನ್ನು ತಂದು ಕಿಫ್ಲೆಗೆ ಕೊಟ್ಟು ಹೋಗಿದ್ದರು.

ಜೆಂಬೆರೆ ಹೋಗಿ ಕಿಫ್ಲೆಯ ಕುತ್ತಿಗೆಪಟ್ಟಿ ಹಿಡಿದು ಕೇಳಬಹುದಿತ್ತು. ಆದರೆ ಏನು ಉತ್ತರ ಬರುತ್ತದೆಂದು ಅವನಿಗೆ ಗೊತ್ತು: "ಏನಿಲ್ಲ ಗಾಶೆ, ನಿಮಗೆ ಎಲ್ಲೋ ಭ್ರಮೆ." ತಾನಾದರೂ ಅದನ್ನೇ ಹೇಳುತ್ತಿದ್ದ. ಈಗ ಅವನ ಕೈಯಲ್ಲಿ ಉಳಿದದ್ದು ಅಸ್ಕಾಲೆಯ ಒಂದು ದಿನ. ಅವಳ ಮಗ ಈ ಭೂಮಿಯ ಮೇಲೆ ಬದುಕಿರುವ ಕಡೆಯ ದಿನ. ಅದನ್ನು ಈಗಲೇ ಮುಗಿಸುವುದೋ, ನಸುಕಿನವರೆಗೆ ಅವಳಿಗೇ ಬಿಡುವುದೋ ಎಂದು ತಿಳಿಯದೆ ಆಲೂಗಡ್ಡೆ ಹೊತ್ತು ಮನೆಗೆ ಬಂದ.

"ಅಯ್ಯೋ, ಇಷ್ಟೊಂದಾ? ಮುಲುಗೇನು ತಲೆ ಕೆಟ್ಟಿದೆಯಾ?" ಅಸ್ಕಾಲೆ ಚೀಲ ಇಳಿಸಿಕೊಂಡಳು. "ಇರಲಿ ಬಿಡಿ, ಅವನಿಗೆ ಇಷ್ಟ. ಅಂದಹಾಗೆ, ಅವನು ಬಂದ ದಿನ ಕೋಳಿ ಸಾಕಾ, ಕುರಿ ಕೊಯ್ಯೋಣ್ವಾ?"

ಜೆಂಬೆರೆ ನೀರು ಕುಡಿದ. "ಕುರಿ" ಎಂದ.

ಹೇಳಿಬಿಟ್ಟ ಮೇಲೆ ಮುಲು ಬೇಲಿಯ ಹತ್ತಿರ ನಿಂತು ಕೇಳಿದ್ದು ನೆನಪಾಯಿತು. ಮತ್ತೆ ಅದನ್ನೇ ಮಾಡಿದ್ದ. ಈ ಸಲ ಸ್ವಂತ ಹೆಂಡತಿಗೆ.

ಮಧ್ಯಾಹ್ನ ನೀಲಗಿರಿ ತೋಪಿನ ಕಡೆಯಿಂದ ಒಂದು ದನಿ ಬಂತು. ತಾಯಿ ತಪ್ಪಿದ ಕರು ಕೂಗಿದಂತೆ ಎದ್ದು, ಅರ್ಧದಲ್ಲಿ ಮುರಿದು, ಮತ್ತೆ ಎದ್ದಿತು. ಅಸ್ಕಾಲೆ ಬಿದ್ದು ಬಿದ್ದು ನಕ್ಕಳು. "ನಿಮ್ ಕಹಳೆನೇ ಅಲ್ವಾ ಅದು? ರಿಪೇರಿಯವನು ಊದಿ ನೋಡ್ತಿದಾನೆ. ಪಾಪ, ಬರಲ್ಲ ಅವನಿಗೆ!" ಊದುತ್ತಿದ್ದವನು ರಿಪೇರಿಯವನಲ್ಲ, ಹಿಂದೊಮ್ಮೆ ಆಸೆಪಟ್ಟು ಊದಿ ನೋಡಿದ್ದ ಕ್ಷೌರದ ತಾಕೆಲೆ ಎಂದು ಜೆಂಬೆರೆಗೆ ಆ ಕುಂಯ್‌ಗುಡುವ ಉಸಿರಿನಲ್ಲೇ ಗೊತ್ತಾಯಿತು. ನಾಳೆಗೆಂದು ಕಲಿಯುತ್ತಿದ್ದಾನೆ. ಉಸಿರು ಗಂಟಲಿಂದಲ್ಲ ಕಣಪ್ಪಾ, ಹೊಟ್ಟೆಯಿಂದ ಬರಬೇಕು ಎಂದು ಹೋಗಿ ಹೇಳಿಕೊಡಬೇಕೆನಿಸಿತು. ಮಗನ ಹೆಸರು ಹೀಗೆ ಮುರುಕು ದನಿಯಲ್ಲಿ ಹೋಗುವುದೇ ಎಂದು ಸಂಕಟವಾಯಿತು. ಕೊಟ್ಟಿಗೆಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು, ಬಾಯಲ್ಲಿ ಗಾಬಿಯ ಚುಂಗು ತುರುಕಿಕೊಂಡು ಅತ್ತ.

ಸಂಜೆ ಊಟಕ್ಕೆ ಕೂತಾಗ, "ಅಸ್ಕಾಲೆ" ಎಂದ.

"ಏನು?"

"ಏನಿಲ್ಲ."

ಕೈ ತೊಳೆಯುವಾಗ ಮತ್ತೆ ಕರೆದ, ಹಾಸಿಗೆ ಹಾಸುವಾಗ ಮತ್ತೆ ಕರೆದ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏನಾಗಿದೆ ನಿಮಗೆ ಇವತ್ತು? ಮದುವೆಯಾದ ವರ್ಷ ಕೂಡ ಇಷ್ಟು ಸಲ ಹೆಸರು ಕರೆದಿರಲಿಲ್ಲ" ಎಂದು ನಗುತ್ತ ದೀಪ ಆರಿಸಿದಳು. ಆ ನಗು ಕೇಳಿ ಅವನು ತೀರ್ಮಾನಿಸಿದ. ಈ ಒಂದು ನಿದ್ದೆ ಅವಳದು. ಇನ್ನು ಇಂಥ ನಿದ್ದೆ ಅವಳಿಗೆ ಬರುವುದಿಲ್ಲ. ಎದ್ದು ಹೋಗಿ ಬಾಗಿಲ ಅಗಣಿ ಮಾತ್ರ ತೆಗೆದಿಟ್ಟು ಬಂದು ಮಲಗಿದ.

ಹಿರಿಯರು ಒಳಗೆ ಹೋಗಿ ಕೂತು ಹೇಳಿದ ಮೇಲೆಯೇ ಊದು ಎಂದು ಕಿಫ್ಲೆ ತಾಕೆಲೆಗೆ ಗಟ್ಟಿಯಾಗಿ ಹೇಳಿದ್ದ. ಆದರೆ ಜನರ ತಲೆ ಬೋಳಿಸುವುದೇ ಬೇರೆ, ನಸುಕಿನ ಹಿಮದಲ್ಲಿ ಒಬ್ಬನೇ ಸಾವು ಹಿಡಿದು ನಿಲ್ಲುವುದೇ ಬೇರೆ. ಹಿರಿಯರ ಬಿಳಿ ಶಾಲುಗಳ ಸಾಲು ಜೆಂಬೆರೆಯ ಮನೆಯ ತಿರುವಿನಲ್ಲಿ ಕಂಡದ್ದೇ ಅವನ ಎದೆ ಬಾಯಿಗೆ ಬಂತು. ಬಾಯಿಗೆ ಬಂದದ್ದನ್ನು ಕಹಳೆಯೊಳಗೆ ಊದಿಬಿಟ್ಟ.

ಅಸ್ಕಾಲೆ ನಿದ್ದೆಗಣ್ಣಿನಲ್ಲೇ ಎದ್ದು ಕೂತಳು. ಗಂಡ ಮಲಗುವ ಕಡೆ ಕತ್ತಲಲ್ಲಿ ಕೈ ಆಡಿಸಿದಳು. ಅವನು ಇದ್ದ.

"ನೀವು ಇಲ್ಲೇ ಇದೀರಲ್ಲ" ಎಂದಳು. "ಮತ್ತೆ ಊದ್ತಿರೋರು ಯಾರು?"

ಅವಳು ಅವನ ಒಂದು ಕೈ ಹುಡುಕಿ ಮುಟ್ಟಿದಳು, ಇನ್ನೊಂದು ಕೈ ಹುಡುಕಿ ಮುಟ್ಟಿದಳು. ಎರಡೂ ಖಾಲಿ. ಹೊರಗೆ ಹಿಮ ಕಟ್ಟಿದ ಹುಲ್ಲಿನ ಮೇಲೆ ತುಂಬ ಜನರ ಹೆಜ್ಜೆ ಹತ್ತಿರವಾಗುತ್ತಿತ್ತು.

"ಯಾರ ಮನೆ?" ಎಂದು ಕೇಳಿದಳು, ಯಾವತ್ತೂ ಕೇಳದಷ್ಟು ಮೆಲ್ಲಗೆ.

ಅವನು ಅವಳ ಎರಡೂ ಕೈ ಹಿಡಿದುಕೊಂಡ. ಮೂರು ಕೇರಿಗೆ ಕೇಳುತ್ತಿದ್ದ ದನಿ ಅವಳೊಬ್ಬಳಿಗೆ ಕೇಳುವಷ್ಟೇ ಹೊರಟಿತು.

"ನಮ್ಮ ಮನೆ, ಅಸ್ಕಾಲೆ. ಸಿಸಾಯ್."

ಕಿಫ್ಲೆ ಬಾಗಿಲು ತಟ್ಟಲೆಂದು ಎತ್ತಿದ ಕೈ ಹಾಗೇ ನಿಂತಿತು. ಒಳಗಿನಿಂದ ಅವಳ ಕೂಗು ಎದ್ದಿತ್ತು. ಹಿರಿಯರು ಹೇಳಲು ಹೊತ್ತು ತಂದದ್ದನ್ನು ಕೂಗುಗಾರ ಆಗಲೇ ಹೇಳಿ ಮುಗಿಸಿದ್ದ.