ಸುಮಿತ್ರಾ ಅತ್ತೆಯ ಮೋಟರ್‌ಸೈಕಲ್

ಯಾರಾದರೂ ‘ಇದು ಆಗಂಗಿಲ್ಲ’ ಅಂದರೆ ಸುಮಿತ್ರಾ ಅತ್ತೆ ವಾದಕ್ಕೆ ಇಳಿಯುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ಅಲ್ಲೇ ನೆಲಕ್ಕೆ ಕೂತುಬಿಡುತ್ತಿದ್ದಳು. ಅವಳು ಕೂತಳೆಂದರೆ ಕೆಲಸ ಮುಗಿಯದೆ ಏಳುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಅವಳು ನನ್ನ ತಂದೆಯ ತಂಗಿ. ಬಗದಲ್ ಕಡೆಯ ಹಳ್ಳಿಗಳಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಸರಕಾರಿ ನರ್ಸ್. ಗಂಡ ಹಠಾತ್ತಾಗಿ ತೀರಿಕೊಂಡ ಮೇಲೆ ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದಳು. ಗಂಡನ ಹಳೆಯ ಮೋಟರ್‌ಸೈಕಲ್ಲನ್ನೂ ತಂದಳು. ಲಸಿಕೆಯ ಡಬ್ಬಿಯನ್ನು ಹಿಂದೆ ಕಟ್ಟಿಕೊಂಡು, ಬಸ್ಸಿಲ್ಲದ ಊರುಗಳಿಗೆ ಅದರ ಮೇಲೆಯೇ ಹೋಗುತ್ತಿದ್ದಳು. ಓಣಿಯ ಹಿರಿಯರು ಕೆಲವು ದಿನ ಕೆಮ್ಮಿ ನೋಡಿದರು. ಆಮೇಲೆ ಒಬ್ಬರು ಬಾಯಿಬಿಟ್ಟೇ ಹೇಳಿದರು: “ಗಂಡ ಹೋದಾಕಿ ಹಿಂಗ ಗಾಡಿ ಮ್ಯಾಲ ತಿರಗೂದು ಚಂದ ಕಾಣಂಗಿಲ್ಲ ನೋಡವ್ವಾ.”

“ಚಂದ ಕಾಣಲಿ ಅಂತ ಹೊಂಟಿಲ್ರಿ. ಕೂಸಿಗೆ ಸೂಜಿ ಹಾಕ್ಲಾಕ ಹೊಂಟೇನಿ.”

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಡಿಯ ಮೀಟರ್ ಕೆಟ್ಟಿತು. ನ್ಯೂಟ್ರಲ್ಲಿನ ಹಸಿರು ದೀಪ ಒಮ್ಮೆ ಬಂದರೆ ಒಮ್ಮೆ ಇಲ್ಲ. ಇಂಡಿಕೇಟರ್ ಹಾಕಿದರೆ ಮೀಟರಿನ ದೀಪಗಳೆಲ್ಲ ಮಂಕಾಗಿ ಒಟ್ಟಿಗೆ ಮಿಣುಕುತ್ತಿದ್ದವು. ಗಾಂಧಿ ಗಂಜಿನ ಹತ್ತಿರದ ಮಿಸ್ತ್ರಿ ಫ್ಯೂಜಿಗೆ ಸಿಗರೇಟು ಪಾಕೀಟಿನ ಬೆಳ್ಳಿಬಣ್ಣದ ಪನ್ನಿ ಸುತ್ತಿ ಕಳಿಸಿದ. ಮತ್ತೆ ಹೋದಾಗ, “ವೈರಿಂಗ್ ಪೂರಾ ಸತ್ತದ ರಿ ಬಾಯಿ. ಗುಜರಿಗಿ ಹಾಕ್ರಿ,” ಅಂದ.

ಸುದ್ದಿ ಭಾಲ್ಕಿಯಲ್ಲಿದ್ದ ಅವಳ ಗಂಡನ ಅಣ್ಣನ ಕಿವಿಗೆ ಬಿತ್ತು. ಆ ಗಾಡಿಯ ಮೇಲೆ ಮೊದಲಿನಿಂದಲೂ ಅವರಿಗೆ ಕಣ್ಣಿತ್ತು. ಭಾನುವಾರ ಬಂದೇಬಿಟ್ಟರು.

“ಸುಮಿತ್ರಾ, ಗಾಡಿ ಭಾಲ್ಕಿಗೆ ಒಯ್ತೇನಿ. ದೀಪಾನೇ ಹತ್ತಂಗಿಲ್ಲ, ನೀ ಹ್ಯಾಂಗ ನಡಸ್ತಿ? ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗೇ ಆಗ್ತದ.”

“ಹತ್ತಸ್ತೇನಿ, ಭಾವನೋರ. ಹತ್ತಿಸಿ ನಾನೇ ಭಾಲ್ಕಿಗೆ ತರ್ತೇನಿ. ನಿಮ್ಮ ಮನಿ ಮುಂದ ದೀಪ ಹತ್ತಲಿಲ್ಲ ಅಂದ್ರ ಕೀಲಿ ನಿಮ್ಮ ಕೈಯಾಗೇ ಇಡ್ತೇನಿ.”

ಅವರು ಹೋದ ಮೇಲೆ ನನಗೆ ಭಯವಾಯಿತು. ಆಗ ನಾನು ಕಾಲೇಜಿನಲ್ಲಿದ್ದೆ. “ಹತ್ತಲಿಲ್ಲ ಅಂದ್ರ ಏನು ಮಾಡ್ತಿ ಅತ್ತಿ?” ಅಂತ ಕೇಳಿದೆ.

“ಕೊಡಬೇಕಾಗ್ತದ. ಅದಕ್ಕೇ ಹತ್ತಬೇಕು,” ಅಂದು ಸೆರಗು ಸಿಕ್ಕಿಸಿ ಗಾಡಿಯ ಪಕ್ಕ ಕೂತಳು.

ಅವಳಿಗೆ ವೈರಿಂಗ್ ಗೊತ್ತಿರಲಿಲ್ಲ. ಗಂಡ ರಿಪೇರಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದಷ್ಟೇ. ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿ ಎಲ್ಲಿ ಕರೆಂಟ್ ಇದೆ, ಎಲ್ಲಿ ಇಲ್ಲ ಎಂದು ಹುಡುಕತೊಡಗಿದಳು. ಪನ್ನಿ ಕಿತ್ತೆಸೆದು ಸರಿಯಾದ ಫ್ಯೂಜ್ ಹಾಕಿದಳು. ಕೈತಪ್ಪಿ ಒಂದು ವೈರು ಗಾಡಿಯ ಮೈಗೆ ತಾಗಿತು, ಫ್ಯೂಜ್ ಹೋಯಿತು. “ಸಾಯ್ಲಿ ಬಿಡು, ಅದರ ಕೆಲಸಾನೇ ಅದು. ಪನ್ನಿ ಇದ್ದಿದ್ರ ವೈರೇ ಸುಡ್ತಿತ್ತು,” ಅಂದು ಇನ್ನೊಂದು ಹಾಕಿದಳು. ಮೀಟರಿನ ಬಲ್ಬು ಬದಲಿಸಿದಳು, ಸ್ವಿಚ್ಚು ಬಿಚ್ಚಿ ಒರೆಸಿದಳು. ಏನೂ ಆಗಲಿಲ್ಲ. ಬಿಚ್ಚಿದ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಿತ್ತ ತಿರುಗಿಸುತ್ತ ಕೂತಳು. ಆ ದಿನ ಅವಳ ಮುಖದಲ್ಲಿ ಸೋಲು ಕಂಡಂತಾಗಿ ನಾನು ಒಳಗೆ ಹೋಗಿಬಿಟ್ಟೆ.

ಮರುದಿನ ನನ್ನನ್ನು ಕರೆದಳು. “ಎಲ್ಲಾ ದೀಪ ಕೂಡಿ ಮಿಣಕ್ತಾವ ಅಂದ್ರ, ಕರೆಂಟಿಗೆ ಬರೂ ದಾರಿ ಅದ, ವಾಪಸ್ ಹೋಗೂ ದಾರಿ ಇಲ್ಲ. ಅದಕ್ಕ ಕಂಡವರ ಮನ್ಯಾಗ ಹೊಕ್ಕೊಂಡು ಹೊಂಟದ.” ಮೀಟರಿನ ಅರ್ತಿಂಗ್ ವೈರನ್ನು ಬೆರಳಲ್ಲೇ ಹಿಡಿದು ಪೆಟ್ರೋಲ್ ಟಾಕಿಯ ಕೆಳಗಿನವರೆಗೆ ಹೋದಳು. ಅದು ಗಾಡಿಯ ಮೈಗೆ ಕೂಡುವ ಬೋಲ್ಟು ತುಕ್ಕು ತಿಂದಿತ್ತು. ಪಾಲಿಶ್ ಪೇಪರಿನಿಂದ ಉಜ್ಜಿ, ಪಾನಾದಿಂದ ಬಿಗಿದು, ಕೀಲಿ ತಿರುಗಿಸಿದಳು. ಹಸಿರು ದೀಪ ಸ್ವಚ್ಛವಾಗಿ ಹತ್ತಿತು. ನಾನು ಚಪ್ಪಾಳೆ ತಟ್ಟಿದೆ. ಅವಳು ಕೈ ಒರೆಸಿಕೊಳ್ಳುತ್ತ, “ನಡಿ, ಭಾಲ್ಕಿಗಿ,” ಅಂದಳು.

ಭಾಲ್ಕಿಯ ಮನೆಯ ಮುಂದೆ ಅವಳ ಭಾವ ಒಂದೊಂದೇ ಕೇಳಿದರು: ಹಾರ್ನ್, ಇಂಡಿಕೇಟರ್, ನ್ಯೂಟ್ರಲ್. ಅತ್ತೆ ಒಂದೊಂದೇ ತೋರಿಸಿದಳು. ಎಲ್ಲ ಮುಗಿದ ಮೇಲೆ ಅವರು, “ಏನೇ ಅನ್ನು, ಗಾಡಿ ನಮ್ಮ ತಮ್ಮಂದು,” ಅಂದರು.

“ಹೌದ್ರಿ, ಅವರದೇ. ಅವರಿದ್ದಾಗ ಹಿಂದ ಕುಂತಿದ್ದೆ. ಈಗ ಮುಂದ ಕುಂತೇನಿ.”

ಕಟ್ಟೆಯ ಮೇಲಿದ್ದ ಭಾವನ ಮುದಿ ತಾಯಿ ಮಗನಿಗೆ, “ಆಕಿ ಗಾಡಿ ಆಕಿ ಒಯ್ಲಿ ಬಿಡೋ,” ಅಂದಳು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಮುಂದೆ ಅವಳಿಗೆ ಔರಾದ ಕಡೆಗೆ ವರ್ಗವಾಯಿತು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡಳು. ಹೃದಯ ದುರ್ಬಲವಾಗಿದೆ, ಕಿಕ್ ಹೊಡೆಯಬಾರದು ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿ ಅವಳನ್ನು ಬೀದರಿಗೆ ಕರೆತರಲೆಂದು ನಾನು ಔರಾದಿಗೆ ಹೋದದ್ದೇ ಕೊನೆಯ ಭೇಟಿ. ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಟು ನಿಂತಿದ್ದಳು. ಮನೆ ಇದ್ದದ್ದು ಇಳಿಜಾರಿನ ಮೇಲೆ.

“ಡಾಕ್ಟರ್ ಬ್ಯಾಡ ಅಂದಾರಲ್ಲ ಅತ್ತಿ.”

“ಕಿಕ್ ಹೊಡಿಬ್ಯಾಡ ಅಂದಾರ. ಹೊಡಿಯಂಗಿಲ್ಲ.”

“ನೂಕಲೇನು?”

“ಯಾಕ? ದಾರಿನೇ ನೂಕತದ.”

ಗಾಡಿ ಸದ್ದಿಲ್ಲದೆ ಇಳಿಯತೊಡಗಿತು. ಬೇವಿನ ಮರ ದಾಟಿದ ಮೇಲೆ ಕ್ಲಚ್ ಬಿಟ್ಟಳು. ಇಂಜಿನ್ ಒಮ್ಮೆ ಕೆಮ್ಮಿ ಶುರುವಾಯಿತು. ನಾನು ಅವಳ ಬಟ್ಟೆ ತುಂಬಲೆಂದು ತಂದ ಖಾಲಿ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದೆ.