ಮೂರನೇ ಬ್ಯಾಡ

ಸೋಫಿ ನಮ್ಮ ಬೀದಿಗೆ ಬಂದಿಳಿದಾಗ ನಾನು ಯಾರದೋ ಮದುವೆ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತಿದ್ದೆ. ಚಿತ್ರದುರ್ಗದಲ್ಲಿ ಗಂಗಾಧರಪ್ಪನವರ ಮನೆಯ ಮುಂದಿನ ಕೋಣೆಯೇ ನನ್ನ ಟೈಲರ್ ಅಂಗಡಿ. ಒಳಗೆ ಗಂಗಾಧರಪ್ಪ, ಅವರ ಹೆಂಡತಿ ಪಾರ್ವತಮ್ಮ, ಮಗಳು ಪಲ್ಲವಿ ಇರುತ್ತಾರೆ. ಮಹಡಿಯ ಮನೆ ಬಾಡಿಗೆಗೆ. ಮಹಡಿಗೆ ಹತ್ತುವವರು ನನ್ನ ಬಾಗಿಲ ಮುಂದೆಯೇ ಹಾದು ಹೋಗಬೇಕಾದ್ದರಿಂದ ಈ ಬೀದಿಯಲ್ಲಿ ನನಗೆ ತಿಳಿಯದೇ ಇರುವುದು ಕಡಿಮೆ. ತಿಳಿಯದಿದ್ದರೆ ಕೇಳುತ್ತೇನೆ. ಬಿಂದುಗೆ ಊರ ಉಸಾಬರಿ ಜಾಸ್ತಿ ಅಂತ ಕೆಲವರು ಹೇಳುತ್ತಾರೆ. ಹೇಳಲಿ, ಅವರ ಬ್ಲೌಸು ಸ್ವಲ್ಪ ತಡವಾಗುತ್ತದೆ ಅಷ್ಟೆ.

ಆಟೋದಿಂದ ಇಳಿದವಳು ಆಟೋಕ್ಕಿಂತ ಎತ್ತರ ಇದ್ದಳು. ನಲವತ್ತು ದಾಟಿದ ಹೆಂಗಸು, ದೇಶ ಡೆನ್ಮಾರ್ಕ್. ನಮ್ಮ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವು ಹೈವೇಯಿಂದ ನೋಡಿರುತ್ತೀರಿ. ಅವುಗಳ ರೆಕ್ಕೆ ಬಿರುಕು ಬಿಟ್ಟರೆ ಹಗ್ಗ ಕಟ್ಟಿಕೊಂಡು ನೇತಾಡಿ ರಿಪೇರಿ ಮಾಡುವುದು ಅವಳ ಕೆಲಸ. ಅದನ್ನು ಇಲ್ಲಿಯ ಹುಡುಗರಿಗೆ ಕಲಿಸಲು ಎರಡು ವರ್ಷಕ್ಕೆಂದು ಬಂದಿದ್ದಳು. ಕಂಪನಿಯವರು ಹೋಟೆಲಿನಲ್ಲಿ ಇರು ಅಂದರೂ, ಜನರ ನಡುವೆ ಇರಬೇಕು ಅಂತ ಹಟ ಹಿಡಿದು ಮನೆ ಹುಡುಕಿಸಿದಳಂತೆ. ನಮ್ಮ ಬೀದಿಯ ಜನ ಎಂಥವರು ಅಂತ ಮೊದಲೇ ಗೊತ್ತಿದ್ದರೆ ಹೋಟೆಲಿಗೇ ಒಪ್ಪುತ್ತಿದ್ದಳೋ ಏನೋ.

ಪಾರ್ವತಮ್ಮ ಸೋಫಿ ಎಂಬ ಹೆಸರನ್ನು ಎರಡು ದಿನ ಬಾಯಲ್ಲಿಟ್ಟುಕೊಂಡು ನೋಡಿದರು, ರುಚಿಸಲಿಲ್ಲ. ಮೂರನೆಯ ದಿನ ಶೋಭಾ ಅಂತ ಕರೆದರು. ವಾರದೊಳಗೆ ಬೀದಿಗೆಲ್ಲ ಅವಳು ಶೋಭಕ್ಕ. ಅವಳೂ ತಕರಾರು ಮಾಡಲಿಲ್ಲ. ಬಂದ ಹೊಸದರಲ್ಲಿ ಅವಳು ತಕರಾರು ಮಾಡಿದ್ದು ಪ್ರಶ್ನೆಗಳಿಗೆ. ವಯಸ್ಸೆಷ್ಟು, ಸಂಬಳವೆಷ್ಟು, ಮದುವೆ ಯಾಕಾಗಿಲ್ಲ, ಆಗಿದ್ದರೆ ಯಾಕೆ ಬಿಟ್ಟಿರಿ ಅಂತ ತರಕಾರಿ ಗಾಡಿಯವನಿಂದ ಹಿಡಿದು ಎಲ್ಲರೂ ಕೇಳುತ್ತಿದ್ದರು. ಮೊದಮೊದಲು ಕೆಂಪಗಾಗಿ ಮಹಡಿ ಹತ್ತಿಬಿಡುತ್ತಿದ್ದಳು. ಆಮೇಲೆ ತಾನೂ ಹರಕುಮುರುಕು ಕನ್ನಡದಲ್ಲಿ ಅದನ್ನೇ ತಿರುಗಿಸಿ ಕೇಳಲು ಕಲಿತಳು. ನನ್ನ ಗಂಡ ದುಬೈನಲ್ಲಿ ಏನು ಮಾಡುತ್ತಾನೆ, ಯಾಕೆ ಬರುವುದಿಲ್ಲ ಅಂತ ನನ್ನನ್ನೇ ಕೇಳಿದಾಗ ನನಗೆ ಅವಳ ಮೇಲೆ ಮೊದಲ ಸಲ ಗೌರವ ಬಂತು.

ನಲ್ಲಿ ನೀರು ಬರುವ ದಿನ ಬೀದಿ ಹೆಂಗಸರೆಲ್ಲ ನಸುಕಿಗೇ ನೈಟಿ ಮೇಲೆ ಟವೆಲ್ ಹೊದ್ದು ಬಿಂದಿಗೆ ಹಿಡಿದು ಓಡುತ್ತೇವೆ. ಶೋಭಕ್ಕ ಚಡ್ಡಿಯಲ್ಲಿ ಓಡಿ ಬಂದಳು. ಎದುರುಮನೆಯ ಹನುಮಂತಪ್ಪ ಹಲ್ಲುಜ್ಜುತ್ತಾ ನಿಂತವರು ಪೇಸ್ಟನ್ನೇ ನುಂಗಿದರು. ಅವತ್ತೇ ಪಾರ್ವತಮ್ಮ ನನ್ನಲ್ಲಿಗೆ ಬಂದು ಇವಳಿಗೊಂದು ನೈಟಿ ಹೊಲಿ ಅಂದರು. ಎರಡು ನೈಟಿಯ ಬಟ್ಟೆ ಜೋಡಿಸಿ ಹೊಲಿದೆ. ಹಾಕಿಕೊಂಡು ಕನ್ನಡಿ ನೋಡಿ, ಇಂಥ ಬುದ್ಧಿವಂತ ಬಟ್ಟೆಯನ್ನು ತನ್ನ ದೇಶದಲ್ಲಿ ಯಾರೂ ಯಾಕೆ ಕಂಡುಹಿಡಿದಿಲ್ಲ ಅಂದಳು. ಆಮೇಲೆ ಅಂಗಡಿಗೆ, ಹಾಲಿಗೆ, ಎಲ್ಲದಕ್ಕೂ ನೈಟಿಯೇ ಆಯಿತು.

ನೀರು, ನೈಟಿ, ಮೆಣಸಿನಕಾಯಿ ಎಲ್ಲವೂ ಒಗ್ಗಿತು. ಒಗ್ಗದೇ ಹೋದದ್ದು ನಮ್ಮ ಬ್ಯಾಡ.

ನಮ್ಮ ಕಡೆ ಊಟಕ್ಕೆ ಕೂತಾಗ ಯಾರಾದರೂ ಬಂದರೆ ಬರ್ರಿ ಊಟ ಮಾಡಾಣ ಅನ್ನುತ್ತೇವೆ. ಬಂದವರು ನಮ್ದಾತು ನೀವು ಮಾಡ್ರಿ ಅನ್ನುತ್ತಾರೆ. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ಅನ್ನವೂ ಉಳಿಯುತ್ತದೆ. ಬಾಡಿಗೆ ಕೊಡಲು ಬಂದ ಶೋಭಕ್ಕನನ್ನು ಗಂಗಾಧರಪ್ಪ ಹಾಗೆ ಕರೆದರು. ಅವಳು ಥ್ಯಾಂಕ್ಸ್ ಅಂದವಳೇ ಚಕ್ಕಳಮಕ್ಕಳ ಹಾಕಿ ಕೂತಳು. ಪಾರ್ವತಮ್ಮನ ಪಾಲಿನ ರೊಟ್ಟಿ, ಎಣ್ಣೆಗಾಯಿ ಎಲ್ಲ ಅವಳ ಹೊಟ್ಟೆಗೆ ಹೋಯಿತು. ಪಾರ್ವತಮ್ಮ ಅವತ್ತು ಮಂಡಕ್ಕಿ ತಿಂದು ಮಲಗಿದರು.

ಇನ್ನೊಂದು ದಿನ ಮೇಲಿನ ಪೈಪು ಸೋರುತ್ತದೆ ಅಂತ ಗಂಗಾಧರಪ್ಪ ಹೋದರು. ಶೋಭಕ್ಕ ಕಾಫಿ ಕಾಸುತ್ತಿದ್ದಳು. ಕಾಫಿ ಬೇಕಾ ಅಂದಳು. ಬ್ಯಾಡಮ್ಮ ಈಗ ಕುಡ್ದು ಬಂದೆ ಅಂದರು ಇವರು. ಸರಿ ಅಂತ ಹೇಳಿ ಅವರ ಎದುರಿಗೇ ಕೂತು ಒಬ್ಬಳೇ ಕುಡಿದಳು. ಗಂಗಾಧರಪ್ಪ ಪೈಪು ನೋಡುವುದನ್ನೂ ಮರೆತು ಕೆಳಗಿಳಿದು ಬಂದು ನನ್ನ ಬಾಗಿಲಲ್ಲಿ ನಿಂತು, ಘಮಘಮ ಅಂತಿತ್ತು ಬಿಂದಮ್ಮ, ಒಂದು ತೊಟ್ಟು ಕೊಡಲಿಲ್ಲ ಅಂತ ಗೋಳು ಹೇಳಿಕೊಂಡರು. ಅವಳ ಹುಟ್ಟುಹಬ್ಬಕ್ಕೆ ನಾವು ಹೆಂಗಸರೆಲ್ಲ ಹೋದೆವು. ಪಲ್ಲವಿಯನ್ನು ಕೇಳಿ ಮೊಟ್ಟೆಯಿಲ್ಲದೆ ಕೇಕು ಮಾಡಿದ್ದಳು, ಪಾಪ. ಕೇಕು ಕೊಡಲೇ ಅಂದಾಗ ನಾವೆಲ್ಲ ನಮ್ಮ ಪದ್ಧತಿಯಂತೆ ಅಯ್ಯೋ ಬ್ಯಾಡ ಅಂದೆವು. ಅವಳು ಮುಖ ಸಪ್ಪೆ ಮಾಡಿಕೊಂಡು ಕೇಕನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದಳು. ನಾವು ಆ ಫ್ರಿಜ್ಜನ್ನು ನೋಡುತ್ತಾ ಒಂದು ಗಂಟೆ ಮಾತಾಡಿ ಬಂದೆವು.

ಬೀದಿಯಲ್ಲಿ ಮಾತು ಹುಟ್ಟಿತು. ಕೈಗಟ್ಟಿ ಹೆಂಗಸು, ಮನೆಗೆ ಬಂದವರಿಗೆ ನೀರೂ ಕೊಡಲ್ಲ ಅಂತ. ಪಲ್ಲವಿಗೆ ಕೇಳಿ ಬೇಜಾರಾಯಿತು. ಅಮ್ಮ, ಅವರ ಊರಲ್ಲಿ ಒಂದೇ ಸಲ ಕೇಳ್ತಾರಂತೆ, ಬೇಕಿದ್ದವರು ಬೇಕು ಅಂತಾರಂತೆ ಅಂತ ವಿವರಿಸಿದಳು. ಪಾರ್ವತಮ್ಮನಿಗೆ ಆ ದೇಶದ ಬಗ್ಗೆ ಕನಿಕರ ಬಂತು. ಶೋಭಕ್ಕನನ್ನು ಕೂರಿಸಿಕೊಂಡು, ಪಲ್ಲವಿಯ ಬಾಯಲ್ಲಿ ಹೇಳಿಸಿ ಪಾಠ ಮಾಡಿದರು. ಮೊದಲನೇ ಬ್ಯಾಡ ಮರ್ಯಾದೆಗೆ. ಎರಡನೇದು ನೀವು ಮನಸ್ಸಿಂದ ಕರೀತಿದೀರೋ ಇಲ್ಲವೋ ಅಂತ ನೋಡೋದಕ್ಕೆ. ಮೂರನೇ ಸಲಾನೂ ಬ್ಯಾಡ ಅಂದ್ರೆ ಮಾತ್ರ ಅದು ನಿಜವಾದ ಬ್ಯಾಡ, ಆಮೇಲೆ ಬಲವಂತ ಮಾಡಬಾರದು.

ಗಾಳಿಯಂತ್ರ ಹತ್ತುವವರಿಗೆ ನಿಯಮ ಅಂದರೆ ನಿಯಮ. ಶೋಭಕ್ಕ ಮರುದಿನದಿಂದಲೇ ಜಾರಿಗೆ ತಂದಳು. ಕರೆಂಟ್ ಬಿಲ್ಲಿನವನನ್ನು ಬೆರಳು ಮಡಿಸುತ್ತಾ ಕಾಫಿ ಬೇಕಾ ಅಂತ ಕೇಳತೊಡಗಿದಳು, ಅವನು ಹೆದರಿ ಎರಡನೆಯದಕ್ಕೇ ಒಪ್ಪಿಕೊಂಡ. ಸಕ್ಕರೆ ಕಾಯಿಲೆಯ ಗಂಗಾಧರಪ್ಪನಿಗೆ ಲಾಡು ಹಿಡಿದು ಮೂರು ಸಲ ಕೇಳಿದಳು. ಅವರು ಎರಡು ಸಲ ಬ್ಯಾಡ ಅಂದು, ಮೂರನೆಯದಕ್ಕೆ ಅಷ್ಟೊಂದು ಹೇಳ್ತಿದೀಯ ಅಂತ ಎರಡು ಲಾಡು ತಿಂದರು. ಪೈಪು ದಿನಾ ಸೋರತೊಡಗಿತು. ಪಾರ್ವತಮ್ಮ ಗಂಡ ಮಹಡಿ ಹತ್ತುವುದನ್ನೇ ನಿಲ್ಲಿಸಿಬಿಟ್ಟರು.

ಅಷ್ಟರಲ್ಲಿ ಪಲ್ಲವಿಗೆ ಒಂದು ಸಂಬಂಧ ಬಂತು. ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆ, ಹುಡುಗ ಕೊಟ್ರೇಶ್, ಒಳ್ಳೆಯವನೇ. ಆದರೆ ಅವರ ಮನೆಯಲ್ಲಿ ಸೊಸೆಯಂದಿರು ಹೊರಗೆ ದುಡಿಯುವ ಪದ್ಧತಿ ಇಲ್ಲ ಅಂತ ಮೊದಲೇ ಹೇಳಿ ಕಳಿಸಿದ್ದರು. ಪಲ್ಲವಿ ಇಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿದ್ದಾಳೆ. ಮಗುವಿಗೂ ಗೊತ್ತಾಗದ ಹಾಗೆ ಸೂಜಿ ಚುಚ್ಚುತ್ತಾಳೆ ಅಂತ ಹೊಳಲ್ಕೆರೆಯಿಂದಲೂ ಜನ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಆ ಕೆಲಸ ಅಂದರೆ ಅವಳಿಗೆ ಪ್ರಾಣ. ಅಪ್ಪನ ಮುಂದೆ ಈ ಮದುವೆ ಬ್ಯಾಡ ಅಂದಳು. ಹೆಣ್ಮಕ್ಕಳು ಮೊದಲು ಹಂಗೇ ಅಂತಾವೆ ಅಂತ ಅವರು ನಕ್ಕರು. ಊಟ ಬಿಟ್ಟಳು. ನಾಚಿಕೆ ಅಂದರು. ಅತ್ತಳು. ತವರು ಬಿಡೋ ಸಂಕಟ ಅಂದರು. ಪಾರ್ವತಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ರವೆ ಹುರಿದಿಟ್ಟರು. ನನಗೆ ಸಿಟ್ಟು ಬಂತು, ಆದರೆ ಬಾಡಿಗೆ ಅಂಗಡಿಯವಳು ಎಷ್ಟು ತಾನೆ ಮಾತಾಡಬಹುದು.

ಶಾಸ್ತ್ರದ ಹಿಂದಿನ ಸಂಜೆ ಪಲ್ಲವಿ ಮಹಡಿಗೆ ಹೋಗಿದ್ದಳು. ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತು ಕೇಳಿಸುತ್ತಿತ್ತು. ಇಳಿದು ಬಂದಾಗ ಏನಂದಳೇ ಶೋಭಕ್ಕ ಅಂತ ಕೇಳಿದೆ. ಏನೂ ಅನ್ನಲಿಲ್ಲ ಬಿಂದಕ್ಕ, ಬೆರಳು ಮಡಿಸ್ಕೊಂಡು ಮೂರು ಸಲ ಕೇಳಿದ್ಲು ಅಷ್ಟೆ ಅಂದಳು.

ಮರುದಿನ ಭೀಮಸಮುದ್ರದ ಕಾರು ಬಂತು. ಹುಡುಗ, ಅವನ ತಾಯಿ, ದೊಡ್ಡಪ್ಪ. ಫಾರಿನ್ ಬಾಡಿಗೆದಾರಳನ್ನು ನೆಂಟರಿಗೆ ತೋರಿಸುವ ಆಸೆಯಿಂದ ಗಂಗಾಧರಪ್ಪನೇ ಶೋಭಕ್ಕನನ್ನು ಕರೆದು ನಡುಮನೆಯಲ್ಲಿ ಕೂರಿಸಿದ್ದರು. ಹಸಿರು ಸೀರೆ ಉಟ್ಟು, ನಾನು ಹೊಲಿದ ಬ್ಲೌಸು ತೊಟ್ಟು ಅವಳು ಸೋಫಾದ ತುಂಬ ಕೂತಿದ್ದಳು. ಪಲ್ಲವಿಗೆ ಸೀರೆ ಉಡಿಸಿದವಳು ನಾನು, ಹಾಗಾಗಿ ಅಡುಗೆಮನೆ ಬಾಗಿಲಲ್ಲಿ ನನಗೂ ಜಾಗ ಇತ್ತು. ಉಪ್ಪಿಟ್ಟು, ಕೇಸರಿಬಾತು ಬಂತು. ನೆಂಟರು ಬ್ಯಾಡ ಬ್ಯಾಡ ಅನ್ನುತ್ತಲೇ ತಿಂದರು. ಪಲ್ಲವಿ ಕಾಫಿ ಕೊಟ್ಟಳು. ಅಡಿಕೆ ರೇಟಿನ ಮಾತು, ಮಠದ ಮಾತು ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ನಮ್ಗೆ ಹುಡುಗಿ ಒಪ್ಪಿಗೆ ಐತ್ರಿ, ನಿಮ್ ಹುಡುಗೀದೂ ಒಪ್ಪಿಗೆ ಐತೋ ಹೆಂಗೆ ಅಂತ ಕೇಳಿದರು. ಇದು ಎಲ್ಲ ಮನೆಯಲ್ಲೂ ಕೇಳುವ ಮಾತು, ಹೂಂ ಅನ್ನುವುದೇ ಉತ್ತರ. ಅವಳ್ದೇನೈತ್ರಿ, ಒಪ್ಪಿಗೆನೇ ಅಂದರು ಗಂಗಾಧರಪ್ಪ.

"ಇಲ್ಲ," ಅಂದಳು ಶೋಭಕ್ಕ.

ಎಲ್ಲರೂ ಅವಳ ಕಡೆ ತಿರುಗಿದರು. ಗಂಗಾಧರಪ್ಪ ಗೊತ್ತಿಲ್ಲದೇ ತಪ್ಪು ಹೇಳುತ್ತಿದ್ದಾರೆ, ತಿದ್ದಿದರೆ ಉಪಕಾರವಾದೀತು ಅನ್ನುವ ಹಾಗೆ ಅವಳು ಮುಗುಳ್ನಗುತ್ತಿದ್ದಳು. "ನಿನ್ನೆ ನಾನು ಕೇಳಿದೆ. ಮೂರು ಸಲ. ಪಲ್ಲವಿ ಮೂರು ಸಲ ಬ್ಯಾಡ ಅಂದ್ಳು. ಪಾರ್ವತಮ್ಮ ಹೇಳಿದಾರೆ, ಮೂರನೇದು ನಿಜ."

ದೊಡ್ಡಪ್ಪನವರು ಬಲವಂತವಾಗಿ ನಕ್ಕು, ಹೆಣ್ಮಕ್ಕಳು ಹಂಗೇ ಅಂತಾರೆ ಬಿಡಮ್ಮ, ನಿಂಗೆ ನಮ್ ಕಡೆ ಪದ್ಧತಿ ಗೊತ್ತಾಗಲ್ಲ ಅಂದರು. ಶೋಭಕ್ಕ ಹುಬ್ಬು ಗಂಟಿಕ್ಕಿ ಬೆರಳು ನೋಡಿಕೊಂಡಳು. ಅವಳು ಅಷ್ಟೊಂದು ಮುಗ್ಧೆ ಅಂತ ನಾನು ಇವತ್ತಿಗೂ ನಂಬುವುದಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಅವಳ ಕಣ್ಣು ನಗುತ್ತಿತ್ತು.

"ನಾಕು ಸಲ ಕೇಳ್ಬೇಕಾ?" ಅಂದಳು. ಉತ್ತರಕ್ಕೆ ಕಾಯದೆ ತಿರುಗಿ, "ಪಲ್ಲವಿ, ಈ ಮದುವೆ ಬೇಕಾ?" ಅಂದಳು.

ಪಲ್ಲವಿ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಅಪ್ಪನನ್ನು ನೋಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ಬ್ಯಾಡ," ಅಂದಳು.

ಕೊಟ್ರೇಶ್ ಉಳಿದ ಕಾಫಿ ಕುಡಿದು ಲೋಟ ಕೆಳಗಿಟ್ಟ. ಏಳ್ರಿ ದೊಡ್ಡಪ್ಪ, ಹೋಗಾಣ, ಅವ್ರು ಬ್ಯಾಡ ಅಂತಿದಾರೆ ಅಂದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಸರಿಬಾತು ಚೆನ್ನಾಗಿತ್ತು ಅಂತ ಪಾರ್ವತಮ್ಮನಿಗೆ ಹೇಳಿದ. ಒಳ್ಳೆಯವನು ಅಂತ ನಾನು ಮೊದಲೇ ಹೇಳಿದೆನಲ್ಲ.

ಕಾರು ಬೀದಿ ದಾಟುವುದೇ ತಡ, ಗಂಗಾಧರಪ್ಪ ಕೂಗಾಡಲು ಶುರುಮಾಡಿದರು. ನೆಂಟರ ಮುಂದೆ ಮಾನ ಹೋಯಿತು, ಅವಳಿಗೆ ಮನೆ ಕೊಟ್ಟದ್ದೇ ತಪ್ಪು, ತಿಂಗಳ ಕೊನೆಗೆ ಖಾಲಿ ಮಾಡಲಿ ಅಂದರು. ಶೋಭಕ್ಕನ ಮುಖದ ನಗು ಆರಿತು. ಕನ್ನಡ ಪೂರ್ತಿ ಬರದಿದ್ದರೂ ಖಾಲಿ ಅನ್ನುವ ಮಾತು ಅವಳಿಗೆ ಗೊತ್ತಿತ್ತು, ನೀರಿನ ಡ್ರಮ್ಮಿಗೆ ನಾವು ದಿನಾ ಹೇಳುತ್ತಿದ್ದೆವು. ಎದ್ದು ಸೀರೆಯ ನೆರಿಗೆ ಎತ್ತಿಕೊಂಡು ಹೊರಡಲು ನಿಂತಳು. ಅವಳಿಲ್ಲದ ಮಹಡಿಯನ್ನು ನೆನೆಸಿಕೊಳ್ಳಲು ನನಗೆ ಆಗಲಿಲ್ಲ.

ಪಾರ್ವತಮ್ಮ ಉಪ್ಪಿಟ್ಟಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ತಲೆ ಎತ್ತದೆ, ಕೂತ್ಕಳೇ ಶೋಭಾ, ಯಾರೂ ಖಾಲಿ ಮಾಡಲ್ಲ ಅಂದರು. ಆಮೇಲೆ ಗಂಡನ ಕಡೆ ತಿರುಗಿದರು. ಅವರು ಗಂಡನೊಡನೆ ದನಿ ಎತ್ತಿದ್ದನ್ನು ನಾನು ಕಂಡಿಲ್ಲ, ಅವತ್ತೂ ಎತ್ತಲಿಲ್ಲ.

"ನನ್ನ ನೋಡಕ್ಕೆ ನಿಮ್ಮ ಮನೇರು ಬಂದಾಗ ಯಾರೂ ಒಂದು ಸಲಾನೂ ಕೇಳ್ಲಿಲ್ಲ."

ಗಂಗಾಧರಪ್ಪನ ಕೂಗು ನಿಂತಿತು. ಹೆಂಡತಿಯನ್ನು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಹೆಂಡತಿಯನ್ನು ನೋಡಿದರು. ಹೆಂಡತಿಯ ಜೊತೆ ಮೂವತ್ತು ವರ್ಷ ಬಾಳಿದ ಮನುಷ್ಯನ ಮುಖದಲ್ಲಿ ಅಂಥ ಭಯವನ್ನು ನಾನು ಬೇರೆಲ್ಲೂ ನೋಡಿಲ್ಲ. ಕೇಳಿದ್ರೆ ಏನು ಅಂತಿದ್ದೆ ಅಂತ ಮೆಲ್ಲಗೆ ಕೇಳಿದರು.

"ಆಗ ಕೇಳಿದ್ರೆ ತಾನೆ ಗೊತ್ತಾಗ್ತಿದ್ದಿದ್ದು," ಅಂದರು ಪಾರ್ವತಮ್ಮ, ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.