ಮೂವರ ಸೀಟಿನಲ್ಲಿ ನಾಲ್ಕನೆಯವನು

ಮಂಗಳೂರಿನಿಂದ ಬಂದದ್ದೇ ಚರ್ಚ್‌ಗೇಟಿನ ಚರ್ಚಾಸ್ಪರ್ಧೆಗೆ. ತಡವಾದರೆ ಹೆಸರು ಹೊಡೆದುಹಾಕುತ್ತಾರೆ. ಆದರೂ ಗೋರೆಗಾಂವ್‌ನಲ್ಲಿ ಮಾವನ ಹೊಸ ಕಾರು ಬೇಡ, ರೈಲೇ ವಾಸಿ ಎಂದು ವಾದಿಸಿ ಲೋಕಲ್ ಹತ್ತಿದೆ.

"ಕೂರ್ಲಿಕ್ಕೆ ಜಾಗ ಸಿಗ್ತದಾ ಮಾರಾಯ? ನಿನ್ನ ವಾದ ಎಲ್ಲ ನಿಂತುಕೊಂಡೇ!" ಎಂದು ನಕ್ಕು ಮಾವ ಕಾರಿನಲ್ಲೇ ಚರ್ಚ್‌ಗೇಟಿಗೆ ಹೊರಟಿದ್ದರು.

ಮೂವರ ಸೀಟಿನಲ್ಲಿ ಮೂವರಿದ್ದರು. ನಾನು ಕೇಳಲೂ ಇಲ್ಲ. ಅಂಚಿನಲ್ಲಿದ್ದ ಮರಾಠಿ ಗುಮಾಸ್ತರೊಬ್ಬರು "ಜರಾ ಸರಕಾ" ಎಂದರು, ಉಳಿದಿಬ್ಬರು ಸರಿದರು. "ಬಸಾ, ಬಸಾ" ಎಂದು ಗುಮಾಸ್ತರು ಸೀಟು ತಟ್ಟಿದರು. ಅರ್ಧ ಗಾಳಿಯಲ್ಲೇ ಕೂತೆ. ರೈಲ್ವೆಯವರು ಕೊಡದ ನಾಲ್ಕನೇ ಸೀಟನ್ನು ಈ ಊರಿನವರು ತಾವೇ ಹುಟ್ಟಿಸಿಕೊಂಡಿದ್ದಾರೆ! ನಾಲ್ವರ ಕಾರಿನಲ್ಲಿ ಮಾವ ಒಬ್ಬರೇ. ಇದಕ್ಕೆ ಪ್ರತಿವಾದವೇನು?

ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಮಾವ ನನ್ನ ಭಾಷಣ ಮುಗಿದ ಮೇಲೆ ಬೆವರೊರೆಸುತ್ತಾ ಬಂದರು. "ಜಾಗ ಸಿಕ್ಕಿತಾ?"

"ಸಿಗ್ಲಿಲ್ಲ ಮಾವ, ಕೊಟ್ರು."